ನಾಡಿದ್ದು ಎಂದು ಸಾರಿದವನು

ಮತದಾರರ ಪಟ್ಟಿಯಲ್ಲಿ ನಮ್ಮ ತಾತನ ಹೆಸರು ಚಿಕ್ಕಮಾದು. ಊರಿನ ಹೋಟೆಲಿನ ಮುಂದೆ ಅವನ ಹೆಸರು ನಾಡಿದ್ದು. "ಏನ್ಲಾ ನಾಡಿದ್ದು, ಇವತ್ತು ಯಾವ ವಾರ?" ಎಂದು ಬೆಂಚಿನ ಮೇಲೆ ಕೂತವರು ಕೇಳುತ್ತಿದ್ದರು. ತಾತ ಹೆಗಲ ಮೇಲಿನ ಟವೆಲನ್ನು ಕಂಕುಳಿಗೆ ಇಳಿಸಿ, "ನೀವೇಳಿದ್ ವಾರ ಬುದ್ಧಿ" ಎಂದು ನಕ್ಕು ಮುಂದೆ ಹೋಗುತ್ತಿದ್ದ. ನಾನು ಅವನ ಕೈ ಹಿಡಿದುಕೊಂಡಿರುತ್ತಿದ್ದೆ. ಆ ನಗು ಅವನ ಕೈಯವರೆಗೆ ಬರುತ್ತಿರಲಿಲ್ಲ.

ನಮ್ಮ ಕೇರಿಯಲ್ಲಿ ಅವನಿಗೆ ಹೆಸರೇ ಉಳಿದಿರಲಿಲ್ಲ. ಏನಾದರೂ ಹೇಳಬೇಕಾದರೆ "ಮರಿತಾಯಮ್ಮನ ಗಂಡ" ಅನ್ನುತ್ತಿದ್ದರು. ಮರಿತಾಯಮ್ಮ ನಮ್ಮ ಅಜ್ಜಿ. ಎದುರು ಮನೆಯ ಜವರಮ್ಮ ಅಷ್ಟನ್ನೂ ಅನ್ನುತ್ತಿರಲಿಲ್ಲ. ತಾತ ಜಗಲಿಗೆ ಬಂದು ಕೂತರೆ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಹನ್ನೆರಡು ವರ್ಷ ಹಾಗೇ ನಡೆಯಿತು. ಬೀದಿಯ ಅಗಲ ಎರಡು ಮಾರು ಇದ್ದೀತು.

ಟಿ. ನರಸೀಪುರದಿಂದ ತಲಕಾಡಿಗೆ ಹೋಗುವ ಬಸ್ಸಿನಲ್ಲಿ ಕೂತು ಅರ್ಧ ದಾರಿಯಲ್ಲಿ ಇಳಿದು ಎಡಕ್ಕೆ ನಡೆದರೆ ನಮ್ಮೂರು. ಅದರ ಹೆಸರು ಬರೆಯುವುದಿಲ್ಲ. ಅಂಥ ಊರು ಅದೊಂದೇ ಎಂದು ಓದುವವರು ತಿಳಿಯಬಾರದು. ಅಪ್ಪ ಅವ್ವ ಇಬ್ಬರೂ ತಾಂಡವಪುರದ ಕಡೆ ಕೂಲಿಗೆ ಹೋಗಿ ಅಲ್ಲೇ ಇದ್ದುದರಿಂದ ನಾನು ಬೆಳೆದದ್ದು ತಾತನ ಮನೆಯಲ್ಲಿ.

ಸಾರುವುದು ತಾತನ ಕೆಲಸ, ಅವನ ಅಪ್ಪನ ಕೆಲಸವೂ ಅದೇ. ನಾಲೆಗೆ ನೀರು ಬಿಡುವ ದಿನ, ಸೊಸೈಟಿಗೆ ಸೀಮೆಎಣ್ಣೆ ಬಂದ ಸುದ್ದಿ, ಮಕ್ಕಳಿಗೆ ಪೋಲಿಯೊ ಹನಿ, ಕಳೆದುಹೋದ ಎಮ್ಮೆ, ಊರಿನಲ್ಲಿ ಆದ ಸಾವು, ಎಲ್ಲವೂ ಅವನ ಬಾಯಿಂದಲೇ ಮನೆಮನೆಗೆ ಹೋಗಬೇಕು. ತಮಟೆಯನ್ನು ಒಣಹುಲ್ಲಿನ ಬೆಂಕಿಗೆ ಹಿಡಿದು, ಚರ್ಮ ಬಿಗಿಯಾಯಿತೇ ಎಂದು ಬೆರಳ ಗಿಣ್ಣಿನಿಂದ ತಟ್ಟಿ ನೋಡಿ, ಹೊರಡುತ್ತಿದ್ದ. ಸಾರುವ ಮೂಲೆಗಳು ಐದು: ಚಾವಡಿ, ಅರಳಿಕಟ್ಟೆ, ಹೋಟೆಲು, ರಾಗಿ ಗಿರಣಿ, ಹೊಳೆದಾರಿಯ ತಿರುವು. ಮೂರು ಪೆಟ್ಟು ಹಾಕಿ, ನಾಯಿಗಳು ಬೊಗಳಿ ಸುಮ್ಮನಾಗುವವರೆಗೆ ಕಾಯುತ್ತಿದ್ದ. ಆಮೇಲೆ ಮಾತು. ಓದು ಬರಹ ಇಲ್ಲದ ತಾತ ಚಾವಡಿಯಲ್ಲಿ ಕೇಳಿಸಿಕೊಂಡ ಮಾತನ್ನು ಹೊಳೆದಾರಿಯವರೆಗೆ ಒಂದಿಷ್ಟೂ ಚೆಲ್ಲದೆ ತರುತ್ತಿದ್ದ. ತುಂಬಿದ ಕೊಡ ಹೊತ್ತವರ ನಡಿಗೆ ಅವನದು.

ಈ ಕೆಲಸಕ್ಕೆ ಎರಡು ಕಟ್ಟಳೆಗಳಿದ್ದವು. ಸಾರಿದ ಮಾತು ಸಾರಿದ್ದೇ, ತಪ್ಪಾದರೂ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಬೇಕಿದ್ದರೆ ಐದು ಮೂಲೆಯಲ್ಲೂ ನಿಂತು ಇನ್ನೊಂದು ಸಲ ಸಾರಬೇಕು. ಒಮ್ಮೆ ಹೋಟೆಲಿನವರ ಹುಂಜ ಕಳೆದಿದೆಯೆಂದು ಸಾರಿ ಬರುವಷ್ಟರಲ್ಲಿ ಅದು ಅವರ ಹಿತ್ತಲಿನಲ್ಲೇ ಸಿಕ್ಕಿತು. ತಾತ ಮತ್ತೆ ತಮಟೆ ಕಾಯಿಸಿ, ಹುಂಜ ಸಿಕ್ಕಿದೆ, ಯಾರೂ ಹುಡುಕಬೇಡಿ ಎಂದು ಊರೆಲ್ಲ ಸಾರಿ ಬಂದ. ಆ ಹುಂಜವನ್ನು ಮಾರನೆಯ ದಿನ ಕೊಯ್ದರು, ಅದನ್ನು ಮಾತ್ರ ಸಾರಲಿಲ್ಲ ಎಂದು ಅಜ್ಜಿ ನಗುತ್ತಿದ್ದಳು.

ಎರಡನೆಯ ಕಟ್ಟಳೆಯೆಂದರೆ, ನಮ್ಮ ಕೇರಿಯಲ್ಲಿ ತಮಟೆ ಹೊಡೆದು ಸಾರುವಂತಿಲ್ಲ. ಊರು ಅಂದರೆ ಐದು ಮೂಲೆ. ಕೇರಿಗೆ ಸಂಬಂಧಪಟ್ಟದ್ದೇನಾದರೂ ಇದ್ದರೆ ತಾತ ಮನೆಗೆ ಬರುವಾಗ ಬಾಯಿಮಾತಿನಲ್ಲಿ ಹೇಳಿಕೊಂಡು ಬರುತ್ತಿದ್ದ.

ತೊಂಬತ್ತಾರನೆಯ ಇಸವಿಯ ಮಳೆಗಾಲ. ನನಗೆ ಎಂಟು ವರ್ಷ. ನಮ್ಮ ಕೇರಿಯ ಕೃಷ್ಣ ಮೈಸೂರಿನಲ್ಲಿ ಗಾರೆ ಕೆಲಸಕ್ಕಿದ್ದವನು ಊರಿಗೆ ಬಂದಿದ್ದ. ಬಂದವನು ಹೋಟೆಲಿನ ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಕಾಫಿ ಕೇಳಿದ. ನಮ್ಮವರ ಲೋಟಗಳು ಹೊರಗೆ ಗೋಡೆಯ ಗೂಡಿನಲ್ಲಿ ಇರುತ್ತಿದ್ದವು. ಕೃಷ್ಣ ಒಳಗಿನ ಲೋಟದಲ್ಲಿ ಕುಡಿದು, ಲೋಟವನ್ನು ಅಲ್ಲೇ ಇಟ್ಟು ಬಂದ. ಅವನು ಬೇರೆ ಏನೂ ಮಾಡಲಿಲ್ಲ, ಏನೂ ಆಡಲಿಲ್ಲ.

ಸಂಜೆ ಚಾವಡಿಯಲ್ಲಿ ಜನ ಸೇರಿದರು. ಊರಿನ ಯಜಮಾನಿಕೆ ಆಗ ರಾಮಯ್ಯನವರದು. ತಾತನನ್ನು ಕರೆಸಿ ಹೇಳಿದರು: "ನಾಳೆಯಿಂದ ಕೇರಿಯೋರ್ನ ಯಾರೂ ಕೆಲ್ಸಕ್ಕೆ ಕರೀಬಾರ್ದು. ಅಂಗಡೀಲಿ ಸಾಮಾನು ಕೊಡಬಾರ್ದು. ಗಿರಣೀಲಿ ರಾಗಿ ಬೀಸಬಾರ್ದು. ಸೊಪ್ಪು, ಉಲ್ಲು ಮಾರಬಾರ್ದು. ಮಾತಾಡ್ಸಿದೋರ್ಗೆ ದಂಡ. ಓಗ್ಲಾ, ಸಾರ್ಕೊಂಡ್ ಬಾ."

ತಾತ ಹೋಗಿ ಸಾರಿದ.

ಇದನ್ನು ಬರೆಯುವಾಗ ಈಗಲೂ ಒಂದು ಕ್ಷಣ ಕೈ ನಿಲ್ಲುತ್ತದೆ. ನಾನು ಮನೆಯೊಳಗಿದ್ದೆ. ಅವನ ದನಿ ಅರಳಿಕಟ್ಟೆಯಿಂದ ಕೇಳಿಸಿತು, ಆಮೇಲೆ ಗಿರಣಿಯಿಂದ, ಆಮೇಲೆ ಹೊಳೆದಾರಿಯಿಂದ ಸಣ್ಣಗೆ. ಎಂದಿನ ದನಿಯೇ. ಎಮ್ಮೆ ಕಳೆದಾಗಲೂ ಅದೇ ದನಿ.

ಚಾವಡಿಯ ಜನ ಚದುರಿದ ಮೇಲೆ ತಾತ ಐದು ಮೂಲೆಯಲ್ಲೂ "ನಾಡಿದ್ದಿಂದ" ಎಂದು ಸಾರಿದ್ದ. ಕೇರಿಗೆ ಬಂದು ಮನೆಮನೆಯ ಮುಂದೆ ನಿಂತು ತಲೆ ಎತ್ತದೆ, "ನಾಡಿದ್ದಿಂದ ಎಲ್ಲಾ ಬಂದ್ ಅಂತೆ. ಬೇಕಾದ್ದ ನಾಳೇನೇ ತಂದ್ಕಳಿ" ಎಂದ. ಮರುದಿನ ಕೇರಿಯೆಲ್ಲ ಓಡಾಡಿತು. ರಾಗಿ ಬೀಸಿಸಿಕೊಂಡರು. ಉಪ್ಪು, ಎಣ್ಣೆ, ಬೆಂಕಿಪೊಟ್ಟಣ ತಂದರು. ಯಾರೋ ಕೆಮ್ಮುತ್ತಿದ್ದ ಮುದುಕಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ನರಸೀಪುರದ ಆಸ್ಪತ್ರೆಗೆ ಹೋದರು. ಜವರಮ್ಮ ರೇಷ್ಮೆ ಹುಳು ಸಾಕಿದ್ದಳು. ಸೊಪ್ಪು ಊರಿನವರ ತೋಟದ್ದು. ಅವಳು ಒಂದು ದಿನಕ್ಕಾಗುವಷ್ಟು ಸೊಪ್ಪು ಕೊಂಡು ತಂದಳು. ಹಿಪ್ಪುನೇರಳೆ ಸೊಪ್ಪನ್ನು ಹೆಚ್ಚು ಹೊತ್ತು ಇಡುವುದಕ್ಕಾಗುವುದಿಲ್ಲ, ಬಾಡಿದ್ದನ್ನು ಹುಳು ಮುಟ್ಟುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗಿರಣಿಯ ಮುಂದೆ ಕೇರಿಯ ಹೆಂಗಸರ ಸಾಲು ಕಂಡು ರಾಮಯ್ಯನವರಿಗೆ ವಿಷಯ ತಿಳಿಯಿತು. ತಾತನನ್ನು ಚಾವಡಿಗೆ ಎಳೆತಂದರು.

"ನಾನು ನಾಳೆ ಅಂತ ಏಳಿದ್ನೋ, ನಾಡಿದ್ದು ಅಂತ ಏಳಿದ್ನೋ?"

"ನಾಳೆ ಅಂದ್ರಿ ಬುದ್ಧಿ. ಬಾಯಿಗೆ ನಾಡಿದ್ದು ಅಂತ ಬಂದೋಯ್ತು. ವಯಸ್ಸಾಯ್ತು."

"ಮುಂಡೇದೆ, ಬಾಯಿಗೆ ಬಂದಿದ್ನೆಲ್ಲ ಸಾರ್ತೀಯೇನ್ಲಾ?"

ಗಿರಣಿಯವನು ನಕ್ಕನಂತೆ. "ಸಾರಿದ್ಮೇಲೆ ಮುಗೀತು ಬುಡಿ ರಾಮಯ್ನೋರೆ. ಈಗ ಇನ್ನೊಂದ್ಸಲ ಸಾರ್ಸಿದ್ರೆ ಉಂಜದ ಕತೆ ಆಯ್ತದೆ." ಅಲ್ಲಿದ್ದವರೆಲ್ಲ ನಕ್ಕರು. ದಿನ ಹಾಗೇ ಉಳಿಯಿತು. ತಾತನ ಕೈಯಲ್ಲಿ ಎರಡೂ ಕಿವಿ ಹಿಡಿಸಿ, ಚಾವಡಿಯ ಮುಂದೆ ಅಡ್ಡಬೀಳಿಸಿ ಕಳಿಸಿದರು. ನಾಡಿದ್ದು ಎಂಬ ಹೆಸರು ಅವತ್ತು ಬಂದದ್ದು.

ಬಹಿಷ್ಕಾರ ಇಪ್ಪತ್ತೆರಡು ದಿನ ನಡೆಯಿತು. ಅದರ ಬಗ್ಗೆ ನನಗೆ ನೆನಪಿರುವುದು ಸ್ವಲ್ಪವೇ. ಸ್ಕೂಲಿನಲ್ಲಿ ಪಕ್ಕದ ಹುಡುಗಿ ಚೀಲ ಎತ್ತಿಕೊಂಡು ಹಿಂದಿನ ಸಾಲಿಗೆ ಹೋದದ್ದು. ಕೆಲಸವಿಲ್ಲದ ಗಂಡಸರು ಹಗಲಿನಲ್ಲಿ ಮನೆಯಲ್ಲಿದ್ದದ್ದು. ಎದುರು ಮನೆಯಿಂದ ಸದ್ದು ನಿಂತದ್ದು. ನಾಲ್ಕನೆಯ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಬೀದಿಗೆಲ್ಲ ಕೇಳುತ್ತಿರುತ್ತದೆ. ಜವರಮ್ಮ ಒಂದು ದಿನ ಸೋಸಲೆಯವರೆಗೆ ನಡೆದು ಹೋಗಿ ತಲೆಹೊರೆಯಲ್ಲಿ ಸೊಪ್ಪು ತಂದಳು. ಬಿಸಿಲಿಗೆ ಅರ್ಧ ಬಾಡಿತ್ತು. ಅದು ಒಂದು ಹೊತ್ತಿಗೂ ಸಾಲಲಿಲ್ಲ. ಆಮೇಲೆ ಮಳೆ ನಿಂತಂತೆ ಸದ್ದು ನಿಂತಿತು. ಅವಳು, ಅವಳ ಮಗ ರಾಹುಲ್ ಇಬ್ಬರೂ ಸೇರಿ ಮೊರದಲ್ಲಿ ತುಂಬಿ ತುಂಬಿ ತಿಪ್ಪೆಯ ಪಕ್ಕ ಗುಂಡಿಗೆ ಸುರಿದರು. ಇಪ್ಪತ್ತು ಸಾವಿರ ಹುಳು.

ತಾತ ಗುಂಡಿ ಮುಚ್ಚಲು ಸನಿಕೆ ಹಿಡಿದು ಹೋದ. ಜವರಮ್ಮ ಅವನ ಕಡೆ ತಿರುಗದೆಯೇ, "ಸಾರಾಕೆ ಬಾಯಿ ಬಂತಲ್ಲ ನಿಂಗೆ" ಎಂದಳು. ಅದೇ ಕೊನೆಯ ಮಾತು.

ತಹಸೀಲ್ದಾರರು ಬಂದರು, ಪೊಲೀಸರು ಬಂದರು, ಶಾಂತಿ ಸಭೆ ಆಯಿತು. ಎಲ್ಲರೂ ಒಟ್ಟಿಗೆ ಕಾಫಿ ಕುಡಿದದ್ದನ್ನು ಯಾರೋ ಫೋಟೊ ತೆಗೆದುಕೊಂಡು ಹೋದರು. ತಾತ ತಮಟೆಯನ್ನು ಅಟ್ಟಕ್ಕೆ ಹಾಕಿದ. ಪಂಚಾಯಿತಿಯವರು ನರಸೀಪುರದಿಂದ ಮೈಕಿನ ಆಟೊ ತರಿಸತೊಡಗಿದರು. ತಾತ ಭತ್ತದ ಗದ್ದೆಗಳಿಗೆ ನೀರು ಕಟ್ಟುವ ಕೂಲಿಗೆ ಹೋದ. ಗದ್ದೆಯಲ್ಲಿ ಯಾರ ಮಾತನ್ನೂ ಹೊರಬೇಕಿಲ್ಲ ಎಂದು ಒಮ್ಮೆ ಅಂದದ್ದು ನೆನಪಿದೆ.

ಪಿಯುಸಿ ಮುಗಿಸಿ ನಾನು ನಂಜನಗೂಡಿನ ಕಾಲೇಜಿಗೆ ಸೇರಿದೆ. ಸರ್ಕಾರಿ ಹಾಸ್ಟೆಲು. ಒಂದು ಕೋಣೆಯಲ್ಲಿ ಹನ್ನೊಂದು ಜನ. ಹನ್ನೊಂದು ಜನರಲ್ಲಿ ಒಬ್ಬಳಿಗೂ ಹೇಳಲಾಗದ ಮಾತುಗಳು ಇರುತ್ತವೆ ಎಂಬುದು ಅಲ್ಲಿ ಗೊತ್ತಾಯಿತು. ಎರಡನೆಯ ವರ್ಷದ ಬಿ.ಎ.ಯಲ್ಲಿದ್ದಾಗ, ಬಸ್ ಸ್ಟ್ಯಾಂಡ್ ಹತ್ತಿರದ ಇಂಟರ್‌ನೆಟ್ ಸೆಂಟರಿನಲ್ಲಿ ಒಂದು ಬ್ಲಾಗ್ ಶುರುಮಾಡಿದೆ. ಮೂಲೆಯ ಕಂಪ್ಯೂಟರು ನನ್ನದು. ಅದರಲ್ಲಿ ಸ್ಪೇಸ್ ಬಾರ್ ಅಂಟಿಕೊಳ್ಳುತ್ತಿದ್ದುದರಿಂದ ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಕಪಿಲೆಯ ಸೋಪಾನದ ಮೇಲೆ ಬಟ್ಟೆ ಒಗೆಯುವ ಹೆಂಗಸರು, ಬೆಳಗಿನ ಮಂಜು, ಹಾಸ್ಟೆಲಿನ ಸಾರು, ಇಂಥವನ್ನು ಬರೆಯುತ್ತಿದ್ದೆ. ಓದುವವರು ಎಂಟು ಜನ ಇದ್ದರು.

ನಾನೂ ಬೇರೆಯವರದನ್ನು ಓದುತ್ತಿದ್ದೆ. ಆಗ ಕನ್ನಡದಲ್ಲಿ ಎಷ್ಟೊಂದು ಜನ ಬರೆಯುತ್ತಿದ್ದರು. ಡಿಪೊದಲ್ಲಿ ತನಗಾದ ಅವಮಾನ ಬರೆಯುವ ಕಂಡಕ್ಟರ್, ಹೆಣ್ಣು ನೋಡಲು ಬಂದವರು ಕೇಳಿದ ಪ್ರಶ್ನೆಗಳನ್ನು ಪಟ್ಟಿ ಮಾಡಿದ ನರ್ಸು, ಹೆಸರನ್ನೇ ಹೇಳದ ಒಬ್ಬ ಮೇಷ್ಟ್ರು. ಇವರೆಲ್ಲ ಯಾಕೆ ಬರೆಯುತ್ತಾರೆ ಎಂದು ಯೋಚಿಸುತ್ತಿದ್ದೆ. ಪತ್ರಿಕೆಗೆ ಕಳಿಸಿದರೆ ವಾಪಸು ಬರುತ್ತದೆ, ಮನೆಯಲ್ಲಿ ಹೇಳಿದರೆ ಸುಮ್ಮನಿರು ಅನ್ನುತ್ತಾರೆ, ಅನ್ಯಾಯ ಮಾಡಿದವನ ಎದುರು ನಿಂತರೆ ದನಿ ಬರುವುದಿಲ್ಲ. ಬ್ಲಾಗಿನಲ್ಲಾದರೆ ಯಾರೂ ಬಾಗಿಲು ಹಾಕುವುದಿಲ್ಲ. ಗುರುತಿಲ್ಲದ ಒಬ್ಬರು ಎಲ್ಲೋ ಕೂತು "ನನಗೂ ಹೀಗೆ ಆಗಿತ್ತು" ಎಂದು ಒಂದು ಸಾಲು ಬರೆದರೆ ಅವತ್ತಿನ ಊಟ ಇಳಿಯುತ್ತದೆ. ಇದೇ ಕಾರಣ ಎಂದುಕೊಂಡಿದ್ದೆ. ಇದು ಪೂರ್ತಿ ಕಾರಣವಲ್ಲವೆಂದು ಆಮೇಲೆ ತಿಳಿಯಿತು.

ಎರಡು ಸಾವಿರದ ಎಂಟರ ದಸರಾ ರಜೆ. ಊರಿನಲ್ಲಿ ಅಜ್ಜಿಯ ಜೊತೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ತಾತ ಗದ್ದೆಗೆ ಹೋಗಿದ್ದ. ಮಾತಿಗೆ ಮಾತು ಬಂದು ಕೇಳಿದೆ.

"ತಾತಂಗೆ ಅಷ್ಟು ಜ್ಞಾಪಕ ಇತ್ತಲ್ಲಜ್ಜಿ. ಅವತ್ತೊಂದಿನ ಎಂಗೆ ಮರ್ತ?"

ಅಜ್ಜಿ ಮೊರದಿಂದ ತಲೆ ಎತ್ತಲಿಲ್ಲ. "ಮರೆಯಾಕೆ ಏನಾಗಿತ್ತು ಅವ್ನಿಗೆ. ರೋಗ ಬಂದಿತ್ತಾ?"

"ಮತ್ತೆ?"

"ಚಾವಡಿಯಿಂದ ನಮ್ ಬಾಗ್ಲಿಗೆ ಬಂದು ತಮಟೆ ಕಾಯ್ಸಕ್ಕೆ ಕೂತ. ಎದ್ರು ಮನೇಲಿ ಉಳ ತಿನ್ನೋ ಸದ್ದು. ಅದ್ನೇ ಕೇಳ್ತಾ ಕೂತಿದ್ದ. 'ಮರಿತಾಯಿ, ಒಂದಿನ ಸಿಕ್ಕುದ್ರೆ ಏನೇನಾಯ್ತದೆ?' ಅಂದ. ರಾಗಿ ಬೀಸ್ಕಬೋದು ಅಂದೆ. ಎದ್ದೋದ. ಅಷ್ಟೆ."

"ಯಾರ್ಗೂ ಯಾಕೆ ಏಳ್ಳಿಲ್ಲ?"

"ಏಳುದ್ರೆ ಕೇರೀಲಿ ಯಾರಾದ್ರೂ ಓಟ್ಲಲ್ಲಿ ಆಡ್ಕಬುಡ್ತರೆ. ರಾಮಯ್ನೋರು ಕಾಲ್ ಮುರುಸ್ತಿದ್ರು. ಆಮೇಲೆ..." ಅಜ್ಜಿ ಒಂದು ಕಲ್ಲನ್ನು ಅಂಗಳಕ್ಕೆ ಎಸೆದಳು. "ಆಮೇಲೆ ಏಳಕ್ಕೆ ಅವ್ನಿಗೆ ನಾಚ್ಕೆ. ಎಣ ಎತ್ತಿದ್ಮೇಲೆ ಔಷ್ದಿ ತಂದಿದ್ದೆ ಅಂತ ಏಳ್ಕಂಡಂಗೆ ಅಂತ."

ನಂಜನಗೂಡಿಗೆ ವಾಪಸು ಬಂದ ದಿನವೇ ಸೆಂಟರಿನಲ್ಲಿ ಕೂತು ಒಂದೇ ಉಸಿರಿಗೆ ಬರೆದೆ. ಊರಿನ ಹೆಸರು ಬಿಟ್ಟೆ, ಜನರ ಹೆಸರು ಬದಲಿಸಿದೆ. ತಾತನನ್ನು ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು, ಕೇಳಿದರೆ ಬೇಡ ಅನ್ನುತ್ತಾನೆ ಎಂದೂ ಹೊಳೆಯಿತು. ಒಂದು ದಿನವನ್ನು ಕದ್ದು ತನ್ನವರಿಗೆ ಕೊಟ್ಟ ಮನುಷ್ಯ ಎಂದು ಬರೆದೆ. ಊರೆಲ್ಲ ನಕ್ಕರೂ, ಎದುರು ಮನೆಯವಳು ಮಾತು ಬಿಟ್ಟರೂ ಗುಟ್ಟು ಬಿಡದವನು ಎಂದು ಬರೆದೆ. ಸಾರಿದ ಎಂಬುದನ್ನು ಒಂದು ವಾಕ್ಯದಲ್ಲಿ ದಾಟಿಸಿ, ನಾಡಿದ್ದು ಎಂಬುದಕ್ಕೆ ಮೂರು ಪ್ಯಾರಾ ಕೊಟ್ಟೆ.

ಎಂಟು ಜನ ಓದುವಲ್ಲಿ ಇನ್ನೂರು ಜನ ಓದಿದರು. ನಲವತ್ತಕ್ಕೂ ಹೆಚ್ಚು ಕಾಮೆಂಟು. ಕಣ್ಣು ಒದ್ದೆಯಾಯಿತು ಎಂದು ಎಷ್ಟೋ ಜನ. ನಿಮ್ಮ ತಾತನ ಪಾದಕ್ಕೆ ನಮಸ್ಕಾರ ಎಂದು ಒಬ್ಬರು. ದಿನಾ ಕ್ಲಾಸು ಬಿಟ್ಟ ತಕ್ಷಣ ಸೆಂಟರಿಗೆ ಓಡುತ್ತಿದ್ದೆ. ಅಷ್ಟೂ ನಮಸ್ಕಾರಗಳು ನನಗೇ ಬಂದಂತೆ ಎದೆ ತುಂಬುತ್ತಿತ್ತು. ಆರನೆಯ ದಿನ ಒಂದು ಕಾಮೆಂಟು ಬಂತು. ಬರೆದವರ ಹೆಸರು ರಾಹುಲ್.

"ಹೆಸರು ಬದಲಿಸಿದ್ದೀಯ, ಬೀದಿ ಬದಲಿಸಲಿಲ್ಲ. ನೀನು ರಂಜಿನಿ ಅಲ್ಲವಾ? ನಾನು ಎದುರು ಮನೆಯವನು. ನಮ್ಮ ಅವ್ವನ ಹುಳು ಹಣ್ಣಾಗಿ ಗೂಡು ಕಟ್ಟೋಕೆ ಮೂರು ದಿನ ಬೇಕಿತ್ತು. ಒಂದು ದಿನ ಸಿಕ್ಕಿತು. ಮಿಕ್ಕ ಎರಡು ದಿನ ನಿನ್ನ ಬರಹದಲ್ಲಿ ಎಲ್ಲೂ ಕಾಣಲಿಲ್ಲ. ಕೋಪದಿಂದ ಹೇಳುತ್ತಿಲ್ಲ."

ರಾಹುಲ್ ಆಗ ಮೈಸೂರಿನ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಆ ನಾಲ್ಕು ಸಾಲು ಓದಿ ನನಗೆ ಮೊದಲು ಬಂದದ್ದು ಸಿಟ್ಟು. ನಂತರ ನಾಚಿಕೆ. ನಾನೂ ಹುಳುಗಳ ಸದ್ದು ಕೇಳಿದವಳೇ. ಗುಂಡಿಗೆ ಸುರಿಯುವುದನ್ನು ಬಾಗಿಲಲ್ಲಿ ನಿಂತು ನೋಡಿದವಳೇ. ಬರೆಯುವಾಗ ಅದು ಬೇಡವೆನಿಸಿತ್ತು. ಅದನ್ನು ಬರೆದರೆ ತಾತ ಚಿಕ್ಕವನಾಗುತ್ತಿದ್ದ.

ಶನಿವಾರ ಮಧ್ಯಾಹ್ನದ ಬಸ್ಸು ಹಿಡಿದು ಊರಿಗೆ ಹೋದೆ. ತಾತ ಜಗಲಿಯ ಮೇಲೆ ಕೂತು ಸನಿಕೆಗೆ ಮರದ ಕಾವು ಹಾಕುತ್ತಿದ್ದ. ಪ್ರಿಂಟು ತೆಗೆಸಿಕೊಂಡು ಹೋಗಿದ್ದೆ. ಹೇಳಬೇಕಾದ್ದನ್ನು ಹೇಳಿ, ಪೂರ್ತಿ ಓದಿದೆ. ರಾಹುಲನ ಸಾಲುಗಳನ್ನೂ ಓದಿದೆ. ಅವನು ಕಾವನ್ನು ತಟ್ಟುವುದು ನಿಲ್ಲಿಸಿರಲಿಲ್ಲ.

"ಇದ್ನ ಎಷ್ಟ್ ಮೂಲೇಲಿ ನಿಂತ್ಕಂಡು ಸಾರ್ಬೇಕು?"

"ಒಂದೇ ಕಡೆ ತಾತ. ಕಂಪ್ಯೂಟ್ರಲ್ಲಿ ಆಕಿದ್ರೆ ಎಲ್ಲಾ ಕಡೆ ಕಾಣ್ತದೆ."

"ಕೇಳ್ದೋರ ಮೊಕ ನಿಂಗೆ ಕಾಣ್ತದಾ?"

"ಇಲ್ಲ."

"ಅದ್ಕೆ ಇಷ್ಟ್ ಸಲೀಸಾಗದೆ." ಸನಿಕೆಯನ್ನು ಗೋಡೆಗೆ ಒರಗಿಸಿದ. "ಚೆನ್ನಾಗದೆ ಮಗ. ನನ್ನ ಬಗ್ಗೆ ಅಲ್ಲ, ಯಾರೋ ಒಳ್ಳೇವ್ನ ಬಗ್ಗೆ ಬರ್ದಂಗದೆ."

ನಾನು ಪ್ರಿಂಟನ್ನು ಮಡಚಿದೆ.

"ರಾಮಯ್ನೋರು ಏಳ್ದಾಗ, ಆಗಾಕಿಲ್ಲ ಬುದ್ಧಿ ಅಂದಿದ್ರೆ? ಅನ್ನನಿಲ್ಲ. ನಾನು ಸಾರ್ದೆ ಇದ್ರೆ ಇನ್ನೊಬ್ಬ ಸಾರ್ತನೆ, ಅವ್ನು ನಾಳೆ ಅಂತ್ಲೇ ಸಾರ್ತನೆ ಅಂದ್ಕಂಡೆ. ಅದೊಂದು. ಎದ್ರಿಕೆ ಇನ್ನೊಂದು. ಎಲ್ಡೂ ಇತ್ತು. ಯಾವ್ದು ಎಚ್ಚು ಅಂತ ಇವತ್ಗೂ ತಿಳೀದು. ನೀನು ಒಂದ್ನೇ ಬರ್ದಿದ್ದೀಯ."

"ಅಳಿಸಿಬುಡ್ತೀನಿ ತಾತ. ಒಂದು ಗುಂಡಿ ಒತ್ತುದ್ರೆ ಸಾಕು, ಒಂಟೋಯ್ತದೆ."

ತಾತ ನನ್ನ ಮುಖ ನೋಡಿದ. ಅವನು ಅಷ್ಟು ಆಶ್ಚರ್ಯಪಟ್ಟದ್ದನ್ನು ನಾನು ನೋಡಿರಲಿಲ್ಲ. "ಸಾರಿದ್ನ ಅಳಿಸ್ತಾರಾ? ಕೇಳ್ದೋರ್ ಕಿವಿಯಿಂದ ಎಂಗೆ ಅಳಿಸ್ತೀಯ? ಸಾರಿದ್ದು ಸಾರಿದ್ದೇ ಕಣವ್ವ. ತಪ್ಪಿದ್ರೆ ಇನ್ನೊಂದ್ಸಲ ಸಾರು." ಪ್ರಿಂಟಿನ ಕಡೆ ಕೈ ತೋರಿಸಿ, "ಈ ಸಲ ನನ್ನೆಸ್ರು ಆಕು" ಎಂದ.

ಜವರಮ್ಮ ಅವಳ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ರಾಹುಲ್ ಫೋನಿನಲ್ಲಿ ಅವಳಿಗೆ ಅಷ್ಟಿಷ್ಟು ಹೇಳಿರಬೇಕು, ಅವತ್ತು ತಾತ ಹೊರಗೆ ಬಂದಾಗ ಅವಳು ಎದ್ದು ಒಳಗೆ ಹೋಗಿರಲಿಲ್ಲ. ತಾತ ಎದ್ದು ಹೆಗಲ ಮೇಲಿನ ಟವೆಲನ್ನು ಸರಿಮಾಡಿಕೊಂಡ. ಈ ಸಲ ಕಂಕುಳಿಗೆ ಇಳಿಸಲಿಲ್ಲ. ಎರಡು ಮಾರು ಬೀದಿಯನ್ನು ತುಂಬಿದ ಕೊಡ ಹೊತ್ತವನ ಹಾಗೆ ನಿಧಾನವಾಗಿ ದಾಟಿದ. ನಾನು ಹಿಂದೆ ಹೋದೆ. ಅಜ್ಜಿ ಬಾಗಿಲಿಗೆ ಬಂದು ನಿಂತಳು.

"ಜವರವ್ವ."

ಅವಳು ಅವರೆಕಾಯಿ ಸುಲಿಯುತ್ತಲೇ ಇದ್ದಳು.

"ಅವತ್ತು ಸಾರಿದ್ದು ನಾನೇ ಕಣವ್ವ. ಬಾಯ್ತಪ್ಪಿ ದಿನ ಎಚ್ಚುಕಮ್ಮಿ ಆಗಿದ್ದಲ್ಲ. ಬೇಕೂಂತ್ಲೇ ನಾಡಿದ್ದು ಅಂದೆ. ಆದ್ರೂ ಸಾರಿದ್ದು ನಾನೇ."

"ರಾಹುಲ ಏಳ್ದ." ಜವರಮ್ಮ ಒಂದು ಹುಳುಕು ಕಾಳನ್ನು ಬೀದಿಗೆ ಎಸೆದಳು. ತಾತನ ಪಾದದ ಹತ್ತಿರ ಬಿತ್ತು. "ಅಲ್ಲ ಕಣ್ ಮಾದಣ್ಣ, ಸುಳ್ಳೇಳಕ್ಕೆ ಒಂಟವ್ನು ಒಂದೇ ದಿನಕ್ಕೆ ಯಾಕೆ ನಿಲ್ಲಿಸ್ದೆ? ಇನ್ನೆಲ್ಡ್ ದಿನ ಮುಂದಾಕ್ಬಾರ್ದಾಗಿತ್ತಾ? ಉಳ ಅಣ್ಣಾಗ್ತಿದ್ವು."

ಹನ್ನೆರಡು ವರ್ಷದ ಮೇಲೆ ಕೇರಿಯಲ್ಲಿ ಯಾರೋ ಅವನನ್ನು ಹೆಸರು ಹಿಡಿದು ಕರೆದಿದ್ದರು. ತಾತನಿಗೆ ಅದು ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಎದೆ ಬರ್ನಿಲ್ಲ ಕಣವ್ವ. ಒಂದಿನ ಅಂದ್ರೆ ಮರೆವು ಅಂತರೆ. ಮೂರ್ ದಿನ ಅಂದ್ರೆ ಸಿಕ್ಕಾಕತ್ತಿದ್ದೆ."

"ಊಂ." ಮೊರವನ್ನು ಕುಟ್ಟಿ ಸಿಪ್ಪೆ ಒಂದು ಕಡೆ ಮಾಡಿದಳು. "ತೋಟ ಅಲ್ಲೇ ಇತ್ತು. ನಾಲೆ ದಾಟುದ್ರೆ ಸೊಪ್ಪು. ಒಂದ್ ಕುಡ್ಲು ತಕಂಡು ನುಗ್ಗಿದ್ರೆ ಉಳ ಉಳೀತಿದ್ವು. ನಾಲೆ ಏರಿ ಮ್ಯಾಲೆ ನಿಂತ್ಕಂಡು ನೋಡ್ಕಂಡು ಬಂದೆ. ನಂಗೂ ಎದೆ ಬರ್ನಿಲ್ಲ."

ಕೋಳಿಯೊಂದು ಬಂದು ಆ ಹುಳುಕು ಕಾಳನ್ನು ಹೆಕ್ಕಿಕೊಂಡು ಹೋಯಿತು. ಕೊನೆಗೆ ಜವರಮ್ಮ ನನ್ನ ಕಡೆ ತಿರುಗಿದಳು.

"ಕಂಪ್ಯೂಟ್ರಲ್ಲಿ ನಂಗೇನಂತ ಎಸ್ರು ಮಡಗಿದ್ದೀಯವ್ವ?"

"ಸಾವಿತ್ರಮ್ಮ ಅಂತ."

"ಅದ್ಯಾರು ಸಾವಿತ್ರಮ್ಮ? ಅವ್ಳ ಉಳ ಸತ್ತಿದ್ವಾ? ಜವರಮ್ಮ ಅಂತ್ಲೇ ಆಕು. ಇಪ್ಪತ್ತು ಸಾವ್ರ ಅಂತ್ಲೂ ಆಕು. ಸೋಸಲೆಗಂಟ ನಡ್ದೆ ಅನ್ನದ್ನೂ ಆಕು." ತಾತನ ಕಡೆ ನೋಡದೆ ಮೊರವನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡಳು. ಜಗಲಿಯ ಮೇಲೆ ಒಬ್ಬರು ಕೂರುವಷ್ಟು ಜಾಗವಾಯಿತು. "ನಿಂತೇ ಇರ್ತೀಯಾ? ಕಾಯಿ ಇನ್ನೂ ಅರ್ಧ ಮೂಟೆ ಅವೆ."

ತಾತ ಕೂತ. ಇಬ್ಬರೂ ಸಂಜೆಯವರೆಗೆ ಅವರೆಕಾಯಿ ಸುಲಿದರು. ಹುಳುವಿನ ಮಾತು ಮತ್ತೆ ಬರಲಿಲ್ಲ. ನಡುವೆ ಒಮ್ಮೆ ಜವರಮ್ಮ, "ಕಾಳಿಗಿಂತ ಸಿಪ್ಪೇನೇ ಆಕ್ತಿದ್ದೀಯಲ್ಲ, ಕಣ್ಣು ಕಾಣಾಕಿಲ್ವಾ?" ಎಂದು ಬೈದದ್ದು ನಮ್ಮ ಮನೆಯೊಳಕ್ಕೂ ಕೇಳಿಸಿತು.

ಸೋಮವಾರ ನಂಜನಗೂಡಿಗೆ ಬಂದು ಮೂಲೆಯ ಕಂಪ್ಯೂಟರಿನ ಮುಂದೆ ಕೂತೆ. ಹಳೆಯ ಬರಹ ಇದ್ದ ಹಾಗೇ ಇತ್ತು. ಕೆಳಗೆ ಇನ್ನೂ ನಾಲ್ಕು ನಮಸ್ಕಾರಗಳು ಬಂದಿದ್ದವು. ಅದನ್ನು ಅಳಿಸಲಿಲ್ಲ. ಅದರ ಮೇಲೆ ಹೊಸದೊಂದು ತೆರೆದೆ. ಕಣ್ಣ ಮುಂದೆ ಪರದೆ ಇರಲಿಲ್ಲ, ಜವರಮ್ಮನ ಮುಖ ಇತ್ತು. ಸಲೀಸಾಗಲಿಲ್ಲ. ಒಂದೊಂದು ಸಾಲಿಗೂ, ನಾಯಿಗಳು ಬೊಗಳಿ ಸುಮ್ಮನಾಗಲಿ ಎಂದು ಕಾಯುವವಳಂತೆ ಕಾದೆ.

ಮೊದಲ ಸಾಲು ತಾತ ಹೇಳಿದ್ದು. ಅವನು ಹೇಳಿದ ಹಾಗೇ, ಒಂದಿಷ್ಟೂ ಚೆಲ್ಲದೆ ತಂದು ಇಟ್ಟೆ: ಅವತ್ತು ಬಹಿಷ್ಕಾರ ಸಾರಿದ್ದು ನಾನೇ, ಚಿಕ್ಕಮಾದು. ಎರಡನೆಯ ಸಾಲು ಜವರಮ್ಮನದು: ನನ್ನ ಇಪ್ಪತ್ತು ಸಾವಿರ ಹುಳುವಿಗೆ ಇನ್ನೂ ಮೂರು ದಿನದ ಸೊಪ್ಪು ಬೇಕಿತ್ತು. ನಾಡಿದ್ದು ಎಂಬ ಮಾತು ಮೂರನೆಯ ಸಾಲಿಗೆ ಬಂತು.